ಚಳಿಜ್ವರವೂ ಸೊಳ್ಳೆಯೂ: ಒಂದು ಸಂಶೋಧನೆಯ ಹಾದಿ

ಮಲೆನಾಡಿಗೆ ವರ್ಗವಾಯಿತೆಂದರೆ ಹಿಂದಿನ ತಲೆಮಾರಿನ ಉಪಾಧ್ಯಾಯರ ಮನೆಯಲ್ಲಿ ಚಿಂತೆ ಕವಿಯುತ್ತಿತ್ತು. ಅವರು ಅಂಜುತ್ತಿದ್ದುದು ಅಲ್ಲಿಯ ಮಳೆಗೂ ಅಲ್ಲ, ಕಾಡಿಗೂ ಅಲ್ಲ, ಚಳಿಜ್ವರಕ್ಕೆ. ಹೊತ್ತು ಹಿಡಿದು ಬರುವ ನಡುಕ, ಅದರ ಹಿಂದೆಯೇ ಸುಡುವ ಮೈ, ಆಮೇಲೆ ಬೆವರು. ಎರಡು ಮೂರು ವರ್ಷ ಇದೇ ಪಾಡಾದರೆ ಬಿಳಿಚಿದ ಮುಖ, ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಬೆಳೆದ ಗುಲ್ಮ. ಇಂದು ಅದೇ ಊರುಗಳಿಗೆ ಜನರು ವಿಹಾರಕ್ಕೆಂದು ಹೋಗಿಬರುತ್ತಾರೆ. ಈ ಮಾರ್ಪಾಡು ತಾನಾಗಿ ಆದುದಲ್ಲ.

ಶಾಲೆಯ ಪಾಠದಲ್ಲಿ ಈ ವಿಷಯಕ್ಕೆ ದೊರೆಯುವುದು ಸಾಮಾನ್ಯವಾಗಿ ಒಂದೇ ವಾಕ್ಯ: ಹೆಣ್ಣು ಅನಾಫಿಲಿಸ್ ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ. ವಾಕ್ಯವೇನೋ ಸುಳ್ಳಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ವಿಜ್ಞಾನದ ಬಾಗಿಲು ಮಾತ್ರ ಕಂಡಿರುತ್ತದೆ, ಒಳಮನೆ ಕಂಡಿರುವುದಿಲ್ಲ. ನಮ್ಮ ದೇಶದಲ್ಲಿ ಅನಾಫಿಲಿಸ್ ಕುಲದ ಪ್ರಭೇದಗಳು ಸುಮಾರು 60 ಇವೆ. ರೋಗವನ್ನು ಮುಖ್ಯವಾಗಿ ಹರಡುವುವು ಅವುಗಳಲ್ಲಿ ಐದಾರು ಮಾತ್ರ. ಹಾಗಾದರೆ ಈ ಊರಿನ ಜ್ವರಕ್ಕೆ ಕಾರಣವಾದುದು ಯಾವುದು? ಅದು ಯಾವ ನೀರಿನಲ್ಲಿ ಹುಟ್ಟುತ್ತದೆ? ರಕ್ತ ಹೀರಿದ ಮೇಲೆ ಎಲ್ಲಿ ಹೋಗಿ ಕೂರುತ್ತದೆ? ಮಲೇರಿಯಾ ನಿಯಂತ್ರಣದ ಪ್ರಯತ್ನಗಳು ಗೆದ್ದುದೂ ಸೋತುದೂ ಬಹುಮಟ್ಟಿಗೆ ಈ ಪ್ರಶ್ನೆಗಳ ಮೇಲೆಯೇ.

ಇದರ ಮೊದಲ ಪಾಠವನ್ನು ಕಲಿತವರು ರೋನಾಲ್ಡ್ ರಾಸ್ ಅವರು. 1883ರಲ್ಲಿ ತರುಣ ಸೇನಾವೈದ್ಯರಾಗಿ ಬೆಂಗಳೂರಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ಮಿಲಮಿಲನೆ ಆಡುತ್ತಿರುವುದನ್ನು ಕಂಡು ಅವರು ಅದನ್ನು ಬರಿದು ಮಾಡಿಸಿದರು, ಕಾಟ ತಗ್ಗಿತು. ಹೀಗೆಯೇ ಭೋಜನಗೃಹದ ಸುತ್ತಲೂ ಮಾಡಬಹುದೆಂದು ಸೂಚಿಸಿದಾಗ, ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂದು ಮೇಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಆಗ ರಾಸ್ ಅವರ ಮನಸ್ಸಿನಲ್ಲಿ ಮಲೇರಿಯಾದ ಯೋಚನೆ ಇರಲಿಲ್ಲ. ರೋಗಾಣುವನ್ನು ಲಾವೆರಾನ್ ಎಂಬ ಫ್ರೆಂಚ್ ವೈದ್ಯರು 1880ರಲ್ಲಿಯೇ ರೋಗಿಯ ರಕ್ತದಲ್ಲಿ ಕಂಡಿದ್ದರು. ಅದು ಒಬ್ಬರಿಂದ ಮತ್ತೊಬ್ಬರಿಗೆ ದಾಟುವ ಬಗೆ ಮಾತ್ರ ತಿಳಿದಿರಲಿಲ್ಲ. ಸೊಳ್ಳೆಯನ್ನು ಶೋಧಿಸುವಂತೆ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರಾಸ್ ಅವರನ್ನು ಪ್ರೇರೇಪಿಸಿದರು. ಸುಮಾರು ಎರಡು ವರ್ಷ ಅವರು ಸೊಳ್ಳೆಗಳನ್ನು ಸೀಳಿ ಸೀಳಿ ನೋಡಿದರೂ ಏನೂ ದೊರೆಯಲಿಲ್ಲ. ಕಾರಣ ಸರಳ: ಅವರು ಹೆಚ್ಚಾಗಿ ಸೀಳುತ್ತಿದ್ದುದು ಮಲೇರಿಯಾಕ್ಕೆ ಸಂಬಂಧವೇ ಇಲ್ಲದ ಜಾತಿಗಳನ್ನು. ಕೊನೆಗೆ ಸಿಕಂದರಾಬಾದಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಬೇರೊಂದು ಸೊಳ್ಳೆ ಅವರ ಕೈಗೆ ಬಂದಿತು. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಪ್ರತಿಯೊಂದು ಸೊಳ್ಳೆಗೂ ಒಂದಾಣೆಯಂತೆ ಪಡೆದು ತನ್ನ ಮೈಯನ್ನು ಒಡ್ಡಿದನು. 1897ನೆಯ ಆಗಸ್ಟ್ 20ರಂದು ಆ ಸೊಳ್ಳೆಯ ಜಠರದ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿರುವುದು ಕಂಡುಬಂದಿತು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಹುಸೇನ್ ಖಾನನ ಹೆಸರನ್ನೂ ಪಾಠ ಹೇಳುವಾಗ ಒಮ್ಮೆ ನೆನೆಯುವುದು ನ್ಯಾಯವೆಂದು ನನ್ನ ಭಾವನೆ.

ರೋಗ ಎಲ್ಲೆಲ್ಲಿ ಎಷ್ಟೆಷ್ಟಿದೆಯೆಂದು ಅಳೆಯಲು ಆಗಿನ ಸಂಶೋಧಕರು ಹೋಗುತ್ತಿದ್ದುದು ಮಕ್ಕಳ ಬಳಿಗೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಬೆರಳೊತ್ತಿ ಗುಲ್ಮ ಬೆಳೆದಿದೆಯೇ ಎಂದು ನೋಡುವರು. ನೂರಕ್ಕೆ ಎಷ್ಟು ಮಕ್ಕಳಲ್ಲಿ ಬೆಳೆದಿದೆಯೋ ಅದೇ ಆ ಊರಿನ ಜ್ವರದ ಅಳತೆ. ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿ 1840ರ ದಶಕದಲ್ಲಿಯೇ ಡೆಂಪ್‌ಸ್ಟರ್ ಅವರು ಈ ಪದ್ಧತಿಯನ್ನು ಬಳಕೆಗೆ ತಂದಿದ್ದರು. ಯಂತ್ರವಿಲ್ಲ, ಖರ್ಚಿಲ್ಲ, ಇದಕ್ಕೆ ಬೇಕಾದುದು ಅನುಭವಿ ಬೆರಳುಗಳು ಮಾತ್ರ.

ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ನಡೆಯಿತು. ಅದರಲ್ಲಿ ತೊಡಗಿದ್ದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಅವರು 1937ರಲ್ಲಿ ಪ್ರಕಟಿಸಿದ ಒಂದು ಸಣ್ಣ ಸಂಗತಿ ಇಂದಿಗೂ ಜಗತ್ತಿನ ಗ್ರಂಥಗಳಲ್ಲಿ ಉಳಿದಿದೆ. ಅನಾಫಿಲಿಸ್ ಸ್ಟೀಫೆನ್ಸೈ ಎಂಬ ಸೊಳ್ಳೆಯ ಮೊಟ್ಟೆ ಪುಟ್ಟ ದೋಣಿಯಂತಿದ್ದು, ಅದರ ಎರಡು ಪಕ್ಕಗಳಲ್ಲಿ ತೇಲುವುದಕ್ಕೆ ನೆರವಾಗುವ ಗೆರೆಗೆರೆಯಾದ ಭಾಗಗಳಿರುತ್ತವೆ. ಆ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಒಂದೇ ಜಾತಿಯೆಂದು ತಿಳಿದಿದ್ದ ಸೊಳ್ಳೆಯಲ್ಲಿ ಎರಡು ಬಗೆಗಳಿರುವುದು ಗೊತ್ತಾಯಿತು. ಗೆರೆಗಳು ಹೆಚ್ಚಿರುವುದು ಪಟ್ಟಣದ ಬಗೆ. ಬಾವಿ ತೊಟ್ಟಿಗಳಲ್ಲಿ ಹುಟ್ಟಿ ಮಲೇರಿಯಾ ಹರಡುವುದು ಇದೇ. ಗೆರೆಗಳು ಕಡಿಮೆಯಿರುವುದು ಹಳ್ಳಿಗಾಡಿನದು, ರೋಗ ಹರಡುವುದರಲ್ಲಿ ದುರ್ಬಲ. ಎರಡನೆಯದಕ್ಕೆ ಮೈಸೂರಿನ ಹೆಸರನ್ನೇ ಇಟ್ಟು 'ಮೈಸೊರೆನ್ಸಿಸ್' ಎಂದು ಕರೆದರು. ಮೊಟ್ಟೆಯ ಗೆರೆ ಎಣಿಸುವುದರಿಂದ ಯಾರ ಜ್ವರ ಇಳಿಯುತ್ತದೆಂದು ಕೇಳುವವರುಂಟು. ಯಾವ ಸೊಳ್ಳೆಯನ್ನು ಬಿಟ್ಟು ಯಾವುದರ ಮೇಲೆ ಹಣ ವೆಚ್ಚ ಮಾಡಬೇಕೆಂಬುದನ್ನು ಆ ಗೆರೆಗಳೇ ಹೇಳುತ್ತವೆ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಡಿ.ಡಿ.ಟಿ. ಬಂದಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರು ನಡೆಸಿದ ಪ್ರಯೋಗ ಭಾರತದ ಗ್ರಾಮಾಂತರ ಮಲೇರಿಯಾ ನಿಯಂತ್ರಣದ ಇತಿಹಾಸದಲ್ಲಿ ಮೈಲಿಗಲ್ಲು. ಅದರ ಮೊದಲ ವರ್ಷದ ಫಲಿತಾಂಶವನ್ನು ಅವರು 1947ರಲ್ಲಿ ಪ್ರಕಟಿಸಿದರು. ಅದುವರೆಗೆ ಸೊಳ್ಳೆಯನ್ನು ನೀರಿನಲ್ಲಿಯೇ ಕೊಲ್ಲುವುದು ರೂಢಿಯಾಗಿತ್ತು. ಆದರೆ ಮಲೆನಾಡಿನ ಮುಖ್ಯ ವಾಹಕವಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಹುಟ್ಟುವುದು ಹರಿಯುವ ತೊರೆಗಳ ಹುಲ್ಲಂಚಿನಲ್ಲಿ. ಕಾಡಿನ ಸಾವಿರಾರು ಝರಿಗಳಿಗೆ ಎಣ್ಣೆ ಸುರಿಯುತ್ತ ತಿರುಗಲು ಯಾವ ಸರಕಾರಕ್ಕೆ ಸಾಧ್ಯ? ಹೊಸ ಪ್ರಯೋಗದಲ್ಲಿ ತೊರೆಯನ್ನು ಬಿಟ್ಟು ಮನೆಯ ಒಳಗೋಡೆಗೆ ಔಷಧಿ ಸಿಂಪಡಿಸಲಾಯಿತು.

ಇದರ ಹಿಂದಿರುವ ಲೆಕ್ಕವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು. ರೋಗಿಯ ರಕ್ತ ಹೀರಿದ ಕೂಡಲೇ ಸೊಳ್ಳೆ ಅಪಾಯಕಾರಿಯಾಗುವುದಿಲ್ಲ. ರೋಗಾಣು ಅದರ ಒಡಲಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಲು ನಮ್ಮ ಹವೆಯಲ್ಲಿ ಹತ್ತು ಹನ್ನೆರಡು ದಿನಗಳಾದರೂ ಬೇಕು. ಅಷ್ಟರಲ್ಲಿ ಎರಡು ಮೂರು ದಿನಕ್ಕೊಮ್ಮೆಯಂತೆ ಅದು ನಾಲ್ಕೈದು ಸಲ ರಕ್ತ ಹೀರುತ್ತದೆ. ಪ್ರತಿ ಸಲವೂ ಭಾರವಾದ ಒಡಲನ್ನು ಹೊತ್ತು ಹತ್ತಿರದ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಆ ಗೋಡೆಯಲ್ಲಿ ವಿಷವಿದ್ದರೆ, ಮೊದಲ ಸಲ ತಪ್ಪಿಸಿಕೊಂಡದ್ದು ಮೂರನೆಯ ಸಲ ಸಾಯುತ್ತದೆ. ಊರಿನ ಸೊಳ್ಳೆಗಳೆಲ್ಲ ಸಾಯಬೇಕಿಲ್ಲ. ಅವು ಮುದಿಯಾಗದಂತೆ ತಡೆದರೆ ಸಾಕು, ಸರಪಳಿ ತುಂಡಾಗುತ್ತದೆ. ಗೋಡೆಯ ಮೇಲೆ ಕೂರದೆ ಹೊರಗೆ ಹಾರಿಹೋಗುವ ಜಾತಿಯಾಗಿದ್ದರೆ ಇದೇ ಉಪಾಯ ನಿಷ್ಫಲ.

ಈ ನೆಲೆಯ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಏಳೂವರೆ ಕೋಟಿ ರೋಗಿಗಳು, ಎಂಟು ಲಕ್ಷ ಸಾವು ಎಂದು ಅಂದಾಜಿದ್ದ ದೇಶದಲ್ಲಿ 1965ರಲ್ಲಿ ದಾಖಲಾದ ರೋಗಿಗಳು ಸುಮಾರು ಒಂದು ಲಕ್ಷ. ದಾಖಲೆಯಲ್ಲಿ ಸಾವು ಒಂದೂ ಇಲ್ಲ. ಗೆದ್ದೆವೆಂದು ಎಲ್ಲರೂ ಭಾವಿಸಿದರು. ಹನ್ನೊಂದೇ ವರ್ಷಗಳ ಮೇಲೆ, 1976ರಲ್ಲಿ, ರೋಗಿಗಳ ಸಂಖ್ಯೆ ಸುಮಾರು 64 ಲಕ್ಷಕ್ಕೆ ಏರಿತು. ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳತೊಡಗಿದ್ದವು, ಔಷಧಿಯ ಸರಬರಾಜು ಹೊತ್ತಿಗೆ ಸರಿಯಾಗಿ ಆಗಲಿಲ್ಲ, ಪಟ್ಟಣಗಳ ಸೊಳ್ಳೆಯನ್ನು ಅಲಕ್ಷಿಸಲಾಗಿತ್ತು. ಜ್ವರ ಬಂದವರ ರಕ್ತಪರೀಕ್ಷೆ ಮಾಡುತ್ತ ಮನೆಮನೆ ತಿರುಗುವ ಕೆಲಸ ಸಡಿಲವಾದುದೇ ಇವೆಲ್ಲಕ್ಕಿಂತ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ರೋಗವಿಲ್ಲದ ಊರಿನಲ್ಲಿ ರೋಗವನ್ನು ಹುಡುಕುವುದು ಬೇಸರದ ಕಾಯಕ; ಅದಕ್ಕೆ ಸನ್ಮಾನವೂ ಇಲ್ಲ, ಅನುದಾನವೂ ಬೇಗ ನಿಲ್ಲುತ್ತದೆ.

ನೆರೆಯ ಶ್ರೀಲಂಕೆಯ ಅನುಭವ ಇದಕ್ಕೆ ಕನ್ನಡಿ ಹಿಡಿದಂತಿದೆ. ಅಲ್ಲಿಯ ವಾಹಕ ನಮ್ಮ ಬಯಲುಸೀಮೆಯ ಅನಾಫಿಲಿಸ್ ಕ್ಯೂಲಿಸಿಫೇಸೀಸ್. 1934-35ರಲ್ಲಿ ಮಳೆ ಕೈಕೊಟ್ಟು, ಬತ್ತಿದ ನದಿಗಳ ಗುಂಡಿಗಳಲ್ಲಿ ಈ ಸೊಳ್ಳೆ ಹೆಚ್ಚಿದಾಗ ಸುಮಾರು 80,000 ಜನರು ಸತ್ತರು. ಡಿ.ಡಿ.ಟಿ. ಬಂದ ಮೇಲೆ 1963ರಲ್ಲಿ ಇಡೀ ದ್ವೀಪದಲ್ಲಿ ದಾಖಲಾದ ರೋಗಿಗಳು ಕೇವಲ 17. ಸಿಂಪಡಣೆ ನಿಂತಿತು. 1969ರ ವೇಳೆಗೆ ಸಂಖ್ಯೆ ಐದು ಲಕ್ಷವನ್ನು ದಾಟಿತ್ತು. ಎರಡನೆಯ ಸಲ ಅವರು ಎಚ್ಚರದಿಂದ ನಡೆದರು. 1983ರಿಂದ 2009ರವರೆಗಿನ ಅಂತರ್ಯುದ್ಧದ ನಡುವೆಯೂ ಜ್ವರಪೀಡಿತರ ರಕ್ತಪರೀಕ್ಷೆ, ಔಷಧೋಪಚಾರ, ಸೊಳ್ಳೆಗಳ ಗಣತಿ ಬಿಡದೆ ಸಾಗಿದವು. 2012ರ ಅನಂತರ ಅಲ್ಲಿಯೇ ಹುಟ್ಟಿ ಹರಡುವ ಮಲೇರಿಯಾ ನಿಂತಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕೆಯನ್ನು ಮಲೇರಿಯಾಮುಕ್ತವೆಂದು ಘೋಷಿಸಿತು. ಆದರೂ ಸೊಳ್ಳೆಗಳ ಗಣತಿಯನ್ನು ಅವರು ಕೈಬಿಡಲಿಲ್ಲ. ಆದುದರಿಂದಲೇ ಕೆಲಕಾಲದಲ್ಲಿ ಮನ್ನಾರ್ ಪ್ರದೇಶದ ಬಾವಿಗಳಲ್ಲಿ, ದ್ವೀಪದಲ್ಲಿ ಅದುವರೆಗೆ ಕಾಣದಿದ್ದ ಸ್ಟೀಫೆನ್ಸೈ ಸೊಳ್ಳೆ ಪತ್ತೆಯಾಯಿತು. ನಮ್ಮವರು ಮೊಟ್ಟೆಯ ಗೆರೆ ಎಣಿಸಿದ ಆ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿಯೂ ಕಾಣಿಸಿಕೊಂಡು, ಅಲ್ಲಿಂದೀಚೆಗೆ ಆ ಖಂಡದ ಪಟ್ಟಣಗಳಿಗೆ ಹೊಸ ಭೀತಿಯಾಗಿದೆ.

ಭಾರತವೂ ಚೇತರಿಸಿಕೊಂಡಿದೆ. 2000ದಲ್ಲಿ ಸುಮಾರು 20 ಲಕ್ಷವಿದ್ದ ದಾಖಲಿತ ರೋಗಿಗಳು 2023ಕ್ಕೆ ಎರಡೂಕಾಲು ಲಕ್ಷದಷ್ಟಕ್ಕೆ ಇಳಿದಿದ್ದಾರೆ. ರೋಗವನ್ನು 2030ರೊಳಗೆ ತೊಡೆದುಹಾಕುವುದು ದೇಶದ ಗುರಿ. ಔಷಧಿ ತೊಡೆದ ಸೊಳ್ಳೆಪರದೆ, ಚೀನದ ತೂ ಯುಯು ಅವರಿಗೆ 2015ರಲ್ಲಿ ನೊಬೆಲ್ ತಂದ ಆರ್ಟಿಮಿಸಿನಿನ್, 2021 ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಪಡೆದ ಎರಡು ಲಸಿಕೆಗಳು ಈ ಕಾಲದ ಸಾಧನಗಳು. ಆ ಲಸಿಕೆಗಳಿಂದ ಸದ್ಯಕ್ಕೆ ಮುಖ್ಯವಾಗಿ ಪ್ರಯೋಜನ ಪಡೆಯುತ್ತಿರುವವರು ಆಫ್ರಿಕದ ಮಕ್ಕಳು.

ನಮ್ಮ ನಾಡಿನದೇ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. ಕೋಲಾರ ಜಿಲ್ಲೆಯ ರೇಷ್ಮೆ ಹಳ್ಳಿಗಳಲ್ಲಿ ಗೋಡೆಗೆ ಕೀಟನಾಶಕ ಸಿಂಪಡಿಸಲು ಜನರು ಒಪ್ಪುವುದಿಲ್ಲ. ಸೊಳ್ಳೆಯೊಡನೆ ರೇಷ್ಮೆಹುಳುವೂ ಸಾಯುತ್ತದೆ. ಅಲ್ಲಿಯ ಸೊಳ್ಳೆ ಹುಟ್ಟುತ್ತಿದ್ದುದು ಬಾವಿಗಳಲ್ಲಿ. ಮಲೇರಿಯಾ ಸಂಶೋಧನ ಕೇಂದ್ರದ ಬೆಂಗಳೂರು ಶಾಖೆಯ ವಿಜ್ಞಾನಿಗಳು ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟರು. ಮರಿಹುಳುಗಳನ್ನು ತಿಂದು ತಾನೇ ಸಂತತಿ ಬೆಳೆಸಿಕೊಳ್ಳುವ ಈ ಪುಟ್ಟ ಮೀನಿನಿಂದ ಅಲ್ಲಿ ಮಲೇರಿಯಾ ತಗ್ಗಿತು. ಆದರೆ ಇದು ಪರದೇಶದ ಮೀನು. ಬಾವಿ ತೊಟ್ಟಿಗಳಿಗೆ ಸರಿ, ಕೆರೆ ಹೊಳೆಗಳಿಗೆ ಬಿಟ್ಟರೆ ನಮ್ಮ ಮೀನುಗಳಿಗೆ ಕೇಡು.

ಮಲೇರಿಯಾ ಇಳಿದ ಕಡೆ ಡೆಂಗಿ, ಚಿಕುನ್‌ಗುನ್ಯ ಬಂದಿವೆ. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ನಾಟಕದವರು. ಇವುಗಳ ವಾಹಕ ಈಡಿಸ್, ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಹಗಲುಗಚ್ಚುವ ಸೊಳ್ಳೆ. ಅದಕ್ಕೆ ತೊರೆಯೂ ಬೇಡ, ಬಾವಿಯೂ ಬೇಡ. ಮನೆಯವರು ಕುಡಿಯಲೆಂದು ತುಂಬಿಟ್ಟ ತಿಳಿನೀರೇ ಸಾಕು. ನೀರು ವಾರಕ್ಕೊಮ್ಮೆ ಬರುವ ಊರುಗಳಲ್ಲಿ ತುಂಬಿಡಬೇಡಿರೆಂದು ಹೇಳುವುದು ಅನ್ಯಾಯ; ಮುಚ್ಚಿಡಿರೆಂದು ಹೇಳಬಹುದು. ಪ್ರಸಾದನಿಲಯಕ್ಕೆ ನೀರಿನ ತೊಟ್ಟಿ ಕಟ್ಟಿಸಿಕೊಡುವ ದಾನಿಗಳು ಅದಕ್ಕೊಂದು ಬಿಗಿಯಾದ ಮುಚ್ಚಳವನ್ನೂ ಸೇರಿಸಿ ಕೊಡಬೇಕೆಂದು ವಿನಂತಿ.

ವಿಜ್ಞಾನದ ಉಪಾಧ್ಯಾಯರಿಗೆ ಒಂದು ಬಿಳಿಯ ಬೋಗುಣಿ, ಒಂದು ಭೂತಗನ್ನಡಿ ಇದ್ದರೆ ಪಾಠವನ್ನು ಆ ತೊಟ್ಟಿಯ ಬಳಿಯೇ ಮಾಡಬಹುದು. ಬೋಗುಣಿಯಲ್ಲಿ ಮೊಗೆದ ನೀರಿನಲ್ಲಿ ಮರಿಹುಳು ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅದು ಅನಾಫಿಲಿಸ್. ತಲೆ ಕೆಳಗಾಗಿ ಓರೆಯಾಗಿ ತೂಗುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಮಕ್ಕಳು ವಾರಕ್ಕೊಮ್ಮೆ ನೋಡಿ, ತಾರೀಖು ಹಾಕಿ, ಎಣಿಸಿ ಬರೆದಿಡಲಿ. ತೊಟ್ಟಿಯನ್ನು ಬರಿದು ಮಾಡಿದ ದಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿಸುವುದನ್ನು ಮರೆಯಬಾರದು. ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆಯ ಗೋಡೆಗೆ. ಆ ಕಪ್ಪು ಚುಕ್ಕೆಯಂತಹ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತುಂಬಿದ ದಿನ ಒಡೆಯುತ್ತವೆ.