ರೋಗಿಯ ವಿಷಯ ನಮ್ಮ ಕೈಯಲ್ಲಿರುವ ಅಮಾನತ್
(ಆರೋಗ್ಯ ಕ್ಷೇತ್ರದ ಕೋರ್ಸುಗಳಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗಾಗಿ)

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಪಡೆಯುತ್ತಿರುವವರಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನೀಷಿಯನ್ ಮತ್ತು ಫಾರ್ಮಸಿ ಕಲಿಯುವವರು ಹಲವರಿದ್ದಾರೆ. ನಾಳೆ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಅವರಿಗಾಗಿ ಈ ಪಾಠ.

ಮೊದಲು ನಮ್ಮದೇ ತಪ್ಪನ್ನು ಹೇಳಬೇಕು. ಚಿಕಿತ್ಸೆಗೆ ನೆರವು ಕೋರಿದ ತಾಯಿಯೊಬ್ಬರ ರಿಪೋರ್ಟನ್ನು, ದಾನಿಗಳಿಗೆ ಬೇಗ ತಲುಪಲೆಂದು ನಾವು ವಾಟ್ಸಾಪ್ ಗುಂಪಿಗೆ ಹಾಕಿದೆವು. ಎರಡು ದಿನಗಳಲ್ಲಿ ಹಣ ಸೇರಿತು. ಆದರೆ ಅದೇ ರಿಪೋರ್ಟು ಅವರ ಮಗಳ ಮದುವೆ ಮಾತುಕತೆ ನಡೆದಿದ್ದ ಮನೆಗೂ ತಲುಪಿತು. ಕಾಯಿಲೆ ವಾಸಿಯಾಯಿತು, ಸಂಬಂಧ ಮಾತ್ರ ಮುರಿದುಹೋಯಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಉದ್ದೇಶ ಒಳ್ಳೆಯದಿತ್ತೆಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಸಣ್ಣ ಊರಿನ ನರ್ಸಿಂಗ್ ಹೋಮ್‌ನಲ್ಲಿ ಎಲ್ಲರೂ ಪರಿಚಿತರೇ. ಗುಟ್ಟು ಹೊರಬೀಳುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ, ಸಲಿಗೆಯಿಂದ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಎಚ್‌ಐವಿ ಕಾಯ್ದೆ ಮತ್ತು ಮಾನಸಿಕ ಆರೋಗ್ಯ ಕಾಯ್ದೆಗಳು ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಲು ವಿಧಿಸುತ್ತವೆ. ರೋಗಿಗೆ ಮಾತ್ರ ಅವರ ದಾಖಲೆ ಸಿಗಲೇಬೇಕು. ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ.

ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕಾದದ್ದು:

1. ಕೌಂಟರ್‌ನಲ್ಲಿ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಹೇಳಬೇಡಿ.

2. ಕೇಸ್ ಶೀಟ್ ಹಾಸಿಗೆಯ ಮೇಲೆ ತೆರೆದಿಡಬೇಡಿ. ಕಂಪ್ಯೂಟರ್ ಬಿಟ್ಟು ಏಳುವಾಗ ಲಾಗ್‌ಔಟ್ ಮಾಡಿ.

3. ವಾರ್ಡಿನ ಫೋಟೊ ಸ್ಟೇಟಸ್‌ಗೆ ಬೇಡ. ಹೆಸರಿಲ್ಲದಿದ್ದರೂ ಊರಿನವರು ಗುರುತಿಸುತ್ತಾರೆ.

4. "ನಾನು ಅವರ ಚಿಕ್ಕಪ್ಪ, ಏನಾಗಿದೆ ಹೇಳಮ್ಮ" ಎಂದು ಯಾರಾದರೂ ಕೇಳಿದರೆ, "ಅವರನ್ನೇ ಕೇಳಿ ಚಾಚಾ, ಇಲ್ಲವೇ ಡಾಕ್ಟರ್ ಜೊತೆ ಮಾತಾಡಿ" ಎನ್ನಿ. ಇದು ಒರಟುತನವಲ್ಲ.

5. ಮನೆಯ ಊಟದ ಹೊತ್ತಿನ ಮಾತಿನಲ್ಲೂ ರೋಗಿಯ ವಿಷಯ ಬರಬಾರದು.

ನಾವೂ ಬದಲಾಗಿದ್ದೇವೆ. ನೆರವು ಕೋರುವವರ ರಿಪೋರ್ಟನ್ನು ಈಗ ಇಬ್ಬರು ಟ್ರಸ್ಟಿಗಳು ಮಾತ್ರ ನೋಡುತ್ತಾರೆ. ದಾನಿಗಳಿಗೆ ಬೇಕಾದ ಮೊತ್ತವನ್ನಷ್ಟೇ ತಿಳಿಸುತ್ತೇವೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆ ತಾಯಿಯ ಅನಾರೋಗ್ಯವನ್ನು ಕಾರಣವಾಗಿ ಬರೆಯುವವರು ವೈದ್ಯಕೀಯ ದಾಖಲೆಗಳ ಪ್ರತಿ ಲಗತ್ತಿಸಬೇಕಾಗಿಲ್ಲ. ಸಂದರ್ಶನದ ದಿನ ತೋರಿಸಿ ಹಿಂದಕ್ಕೆ ಒಯ್ದರೆ ಸಾಕು.