ಪುಶ್ ರಾಡ್ ಮುರಿದಾಗ: ಶಿವಗಂಗೆ ದಾರಿಯ ಬುಲೆಟ್ ಸವಾರರಿಗೆ ಸೂತ್ರಗಳು

ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಬೆಂಗಳೂರಿನಿಂದ ಶಿವಗಂಗೆಗೆ ಹೊರಟ ಬುಲೆಟ್‌ಗಳ ಸಾಲೇ ಇರುತ್ತದೆ. ಅವುಗಳಲ್ಲಿ ಕೆಲವು ಕಂಪನಿಯಿಂದ ಬಂದ ಹಾಗೆ ಉಳಿದಿಲ್ಲ. ಕ್ಯಾಮ್ ಬದಲಾಗಿದೆ, ಕಂಪ್ರೆಷನ್ ಏರಿದೆ, ಗಟ್ಟಿ ವಾಲ್ವ್ ಸ್ಪ್ರಿಂಗ್ ಕೂತಿವೆ. ನಮ್ಮ ಮೈಸೂರಿನ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್, ಅದರಲ್ಲಿ ಮುರಿಯುವುದಕ್ಕೆ ವಾಲ್ವೇ ಇರಲಿಲ್ಲ. ಬುಲೆಟ್‌ನಲ್ಲಿ ಕ್ಯಾಮ್ ಟ್ಯಾಪೆಟ್ಟನ್ನು, ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರನ್ನು ಎತ್ತಿದ ಮೇಲೆ ವಾಲ್ವ್ ತೆರೆಯಬೇಕು. 5000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 40ಕ್ಕೂ ಹೆಚ್ಚು ಸಲ ತೆರೆದು ಮುಚ್ಚುತ್ತದೆ. ಇಲ್ಲಿ ಹೇಳುತ್ತಿರುವುದು ಎರಕದ ಕಬ್ಬಿಣದ ಬ್ಲಾಕಿನ ಹಳೆಯ 350 ಮತ್ತು 500 ಎಂಜಿನ್‌ಗಳ ಮಾತು.

1. ಸದ್ದು ಬದಲಾದ ಕ್ಷಣವೇ ಎಂಜಿನ್ ಆಫ್ ಮಾಡಿ.
ಹಳೆಯ ಬುಲೆಟ್‌ಗೆ ಹಗುರವಾದ ಟಿಕ್ ಟಿಕ್ ಸಹಜ. ಇದ್ದಕ್ಕಿದ್ದಂತೆ ಲೋಹ ಬಡಿದ ಹಾಗೆ ಟಕ್ ಟಕ್ ಬಂದು ಪಿಕಪ್ ಬಿದ್ದುಹೋದರೆ ಮಾತ್ರ ಒಳಗೆ ಏನೋ ಮುರಿದಿದೆ ಅಥವಾ ಬಾಗಿದೆ ಎಂದೇ ತಿಳಿಯಿರಿ. ಎಕ್ಸಾಸ್ಟ್ ವಾಲ್ವ್ ತೆರೆಯದಿದ್ದರೆ ಸುಟ್ಟ ಗ್ಯಾಸ್ ಹಿಂದಕ್ಕೆ ನುಗ್ಗಿ ಕಾರ್ಬ್ಯುರೇಟರ್‌ನಲ್ಲಿ ಪಟ್ ಎನ್ನುತ್ತದೆ. ಇನ್‌ಲೆಟ್ ತೆರೆಯದಿದ್ದರೆ ಎಂಜಿನ್ ಉಸಿರೇ ಎಳೆಯುವುದಿಲ್ಲ.

2. ಕಿಕ್ ಹೊಡೆಯಬೇಡಿ.
ಪ್ಲಗ್ ಬಿಚ್ಚಿ, ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ಬಿಡಿ. ದಾಬಸ್‌ಪೇಟೆಯಿಂದ ಟಾಟಾ ಏಸ್ ಕರೆಸಿ ಗಾಡಿ ಏರಿಸಿ. ಪಿಸ್ಟನ್, ಬೋರಿಂಗ್, ಹೆಡ್ ಕೆಲಸಕ್ಕೆ ಬೀಳುವ ಖರ್ಚಿನ ಮುಂದೆ ಆ ಬಾಡಿಗೆ ಲೆಕ್ಕಕ್ಕಿಲ್ಲ.

3. ಪ್ರತಿ ಚೂರನ್ನೂ ಹುಡುಕಿ ತೆಗೆಯಿರಿ.
ಹೆಚ್ಚಿನವರು ಎಡವುವುದು ಇಲ್ಲೇ. ಪುಶ್ ರಾಡ್ ಓಡಾಡುವ ಸುರಂಗ ಬ್ಲಾಕಿನ ಒಳಗೇ ಇದೆ. ಮೇಲೆ ರಾಕರ್ ಚೂರಾದರೂ ಅದು ಆ ಸುರಂಗದಲ್ಲಿ ಜಾರಿ ಟ್ಯಾಪೆಟ್ ಕಡೆಗೆ ಇಳಿಯಬಹುದು, ಅಲ್ಲಿಂದ ಟೈಮಿಂಗ್ ಗೇರಿಗೋ ಆಯಿಲ್ ಪಂಪಿನ ಬಾಯಿಗೋ ಹೋಗಬಹುದು. ಅಯಸ್ಕಾಂತ ಕಟ್ಟಿದ ತಂತಿ ಇಳಿಸಿ ‘ಏನೂ ಸಿಗಲಿಲ್ಲ’ ಎಂದು ಸಮಾಧಾನಪಡಬೇಡಿ. ಪುಶ್ ರಾಡಿನ ತುದಿಯ ಟೋಪಿಗಳು ಉಕ್ಕಿನವು, ಆದರೆ ನಡುವಿನ ಕಡ್ಡಿ ಅಲ್ಯೂಮಿನಿಯಂ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಸಿಕ್ಕ ತುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಜೋಡಿಸಿ ಇಡೀ ಭಾಗದ ಆಕಾರ ಬರುತ್ತದೆಯೇ ನೋಡಿ. ಒಂದು ಮೂಲೆ ಕಡಿಮೆಯಾದರೂ ಟೈಮಿಂಗ್ ಕವರ್ ಬಿಚ್ಚಿ, ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ತೆಗೆದು ತೊಳೆಯಿರಿ. ಆಗಲೂ ಸಿಗದಿದ್ದರೆ ಎಂಜಿನ್ ಪೂರ್ತಿ ಬಿಚ್ಚಲೇಬೇಕು.

4. ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ.
ಹೊಸ ಭಾಗ ಹಾಕುವ ಮೊದಲು ಹಳೆಯದು ಏಕೆ ಹೋಯಿತು ಎಂಬುದಕ್ಕೆ ಉತ್ತರ ಬೇಕು, ಆ ಉತ್ತರ ಮುರಿದ ತುಂಡಿನಲ್ಲೇ ಇರುತ್ತದೆ. ಒಂದು ಮೂಲೆಯಿಂದ ಶುರುವಾದ ನಯವಾದ ಗೆರೆ ಗೆರೆ ಅಲೆಗಳು ಕಂಡರೆ ಬಿರುಕು ಬಹುದಿನದಿಂದ ಬೆಳೆಯುತ್ತಿತ್ತು, ಲೋಹ ದಣಿದಿತ್ತು. ಇಡೀ ಮುಖ ಒರಟಾಗಿ, ಕಾಳು ಕಾಳಾಗಿದ್ದರೆ ಒಂದೇ ಏಟಿಗೆ ಮುರಿದದ್ದು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ತಲುಪಿಲ್ಲ. ಪುಶ್ ರಾಡ್ ಮುರಿಯದೆ ಬಿಲ್ಲಿನಂತೆ ಬಾಗಿದ್ದರೆ ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡಿದೆ, ಪಿಸ್ಟನ್‌ಗೆ ಬಡಿದಿದೆ, ಇಲ್ಲವೇ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡು ಜಾಗವಿಲ್ಲದಂತಾಗಿದೆ. ಕಾರಣ ಸಿಗದೆ ಹಾಕಿದ ಹೊಸ ರಾಡ್ ಮತ್ತೆ ಮುರಿಯುತ್ತದೆ. ‘ಮಾಲ್ ಸರಿ ಇರಲಿಲ್ಲ’ ಎಂದು ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

5. ರಾಕರ್‌ಗೆ ಆಯಿಲ್ ಏರುವ ಪೈಪ್ ಬಿಚ್ಚಿ ಊದಿ.
ಅದು ಹೊರಗಿನಿಂದಲೇ ಹೆಡ್‌ಗೆ ಹೋಗುತ್ತದೆ. ಅದರ ಬೋಲ್ಟಿನ ಸಣ್ಣ ತೂತಿನಲ್ಲಿ ಪ್ಯಾಕಿಂಗ್ ಅಂಟಿನ ಚೂರು ಸಿಕ್ಕಿಕೊಂಡರೂ ರಾಕರ್ ಒಣಗುತ್ತದೆ.

6. ವಾಲ್ವ್ ಬಾಗಿದೆಯೇ ಎಂದು ಗಾಳಿಯಿಂದ ಪರೀಕ್ಷಿಸಿ.
ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ. ಬುಸ್ ಸದ್ದು ಕಾರ್ಬ್ಯುರೇಟರ್‌ನಿಂದ ಬಂದರೆ ಇನ್‌ಲೆಟ್ ಹೋಗಿದೆ, ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ಹೋಗಿದೆ, ಬ್ರೀದರ್ ಪೈಪಿನಿಂದ ಬಂದರೆ ರಿಂಗ್ ಹೋಗಿದೆ. ಬಾಗಿದ ವಾಲ್ವನ್ನು ನೇರ ಮಾಡಿಸಿ ಹಾಕಲೇಬೇಡಿ. ಅದರ ತಲೆ ಕಳಚಿದರೆ ಪಿಸ್ಟನ್ನೂ ಹೆಡ್ಡೂ ಒಟ್ಟಿಗೇ ಹೋಗುತ್ತವೆ.

7. ಹಾಟ್ ಕ್ಯಾಮ್ ಹಾಕಿಸಿದ್ದರೆ ಅಳತೆ ತೆಗೆಯದೆ ಎಂಜಿನ್ ಮುಚ್ಚಬೇಡಿ.
ಹೆಚ್ಚು ಎತ್ತುವ ಕ್ಯಾಮ್ ವಾಲ್ವನ್ನು ಪಿಸ್ಟನ್ ಹತ್ತಿರಕ್ಕೆ ಇಳಿಸುತ್ತದೆ. ಹೆಡ್ ಫೇಸಿಂಗ್ ಮಾಡಿಸಿದ್ದರೆ ಇನ್ನಷ್ಟು ಹತ್ತಿರ. ಮಕ್ಕಳು ಆಡುವ ಬಣ್ಣದ ಕ್ಲೇಯನ್ನು ಪಿಸ್ಟನ್ ಮೇಲೆ ಮೆತ್ತಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಬಿಚ್ಚಿ, ಕ್ಲೇ ಕತ್ತರಿಸಿ ಅದರ ತೆಳು ಭಾಗ ಅಳೆಯಿರಿ. ಇನ್‌ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಆದರೂ ಉಳಿದಿರಲಿ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳ ನಡುವಿನ ಸಂದುಗಳೆಲ್ಲ ಕೂಡಿ ಸುಮಾರು 1.5 ಮಿ.ಮೀ. ಇರಬೇಕು. ಅಗತ್ಯಕ್ಕಿಂತ ಗಟ್ಟಿಯಾದ ಸ್ಪ್ರಿಂಗ್ ಹಾಕುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಅದು ಕ್ಯಾಮನ್ನೂ ಟ್ಯಾಪೆಟ್ಟನ್ನೂ ಸವೆಸುತ್ತದೆ, ಪುಶ್ ರಾಡನ್ನು ಬಾಗಿಸುತ್ತದೆ.

8. ಪುಶ್ ರಾಡ್ ಜೊತೆಯಾಗಿಯೇ ಬದಲಿಸಿ.
ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವಾಗ ಗಾಜಿನ ಮೇಲೆ ಉರುಳಿಸಿ ನೋಡಿ, ಕುಣಿದರೆ ವಾಪಸ್ ಕೊಡಿ. ಇನ್‌ಲೆಟ್, ಎಕ್ಸಾಸ್ಟ್ ರಾಡ್‌ಗಳ ಉದ್ದ ಒಂದೇ ಅಲ್ಲ, ಬಿಚ್ಚುವಾಗಲೇ ಗುರುತು ಹಾಕಿ.

9. ಟ್ಯಾಪೆಟ್ ಅಡ್ಜಸ್ಟ್‌ಮೆಂಟ್ ತಣ್ಣಗಿನ ಎಂಜಿನ್‌ನಲ್ಲೇ ಆಗಲಿ.
ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬಂದಿರುವಾಗ ಕಂಪನಿಯ ಅಲ್ಯೂಮಿನಿಯಂ ರಾಡ್ ಬೆರಳಿನಿಂದ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಉಕ್ಕಿನ ರಾಡ್ ಹಾಕಿದ್ದರೆ ಈ ಲೆಕ್ಕ ನಡೆಯದು, ಏಕೆಂದರೆ ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದರ ಅರ್ಧದಷ್ಟು ಮಾತ್ರ ಉಕ್ಕು ಹಿಗ್ಗುತ್ತದೆ. ಕ್ಯಾಮ್ ತಯಾರಿಸಿದವರು ಕೊಟ್ಟ ಸಂದು ಬಿಡಿ. ನಂತರ ಬಂದ ಯುಸಿಇ ಎಂಜಿನ್‌ಗಳದು ಹೈಡ್ರಾಲಿಕ್ ಟ್ಯಾಪೆಟ್, ಅದಕ್ಕೆ ಈ ಕೆಲಸವಿಲ್ಲ. 2020ರಲ್ಲಿ ಬಂದ ಮೀಟಿಯರ್ 350ರ ಎಂಜಿನ್‌ನಲ್ಲಿ ಪುಶ್ ರಾಡೇ ಇಲ್ಲ.

10. ಗೇರ್ ತಪ್ಪಿಸಬೇಡಿ.
ಹಳೆಯ ಬುಲೆಟ್‌ನ ಗೇರ್ ಬಲಗಾಲಿಗೆ: ಮೊದಲನೆಯದು ಮೇಲಕ್ಕೆ, ಉಳಿದವು ಕೆಳಕ್ಕೆ. ಈಗಿನ ಬೈಕಿನ ರೂಢಿಯವರು ಮುಂದಿನ ಗೇರಿಗೆಂದು ಕಾಲು ಎತ್ತಿದರೆ ಕೆಳಗಿನ ಗೇರ್ ಬೀಳುತ್ತದೆ, ಆರ್‌ಪಿಎಂ ಎಗರುತ್ತದೆ, ಸ್ಪ್ರಿಂಗ್ ಮುಚ್ಚುವಷ್ಟರಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಗಾಡಿಯನ್ನು ಗೆಳೆಯರ ಕೈಗೆ ಕೊಡುವ ಮುನ್ನ ಇದನ್ನು ಬಾಯಿಬಿಟ್ಟು ಹೇಳಿ.

11. ಟೆಸ್ಟ್ ರೈಡಿಗೆ ಬೆಟ್ಟದ ದಾರಿ ಬೇಡ.
ರಿಪೇರಿಯಾದ ಎಂಜಿನ್ನನ್ನು ಮೊದಲು ನಿಂತಲ್ಲೇ ಬಿಸಿ ಮಾಡಿ, ಪೂರ್ತಿ ತಣಿಸಿ, ಟ್ಯಾಪೆಟ್ ಮತ್ತೆ ನೋಡಿ. ಹೊಸ ಕ್ಯಾಮಿನ ಜೋರು ಎಷ್ಟಿದೆ ಎಂದು ತಿಳಿಯುವ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೆಯ ಟ್ರ್ಯಾಕ್ ಇದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಸಂಕ್ರಾಂತಿಗೆ ಗಂಗಾಧರೇಶ್ವರನ ಕಲ್ಯಾಣೋತ್ಸವಕ್ಕೆ ಬರುವವರು ಮಕ್ಕಳನ್ನು ಕರೆದುಕೊಂಡು ಶಿವಗಂಗೆಯ ಅದೇ ರಸ್ತೆಯಲ್ಲಿ ನಡೆದು ಬರುತ್ತಾರೆ. ದಯವಿಟ್ಟು ಅಲ್ಲಿ ನಿಧಾನವಾಗಿ ಓಡಿಸಿ.