ಊರು ಬದಲಿಸುವ ಮುನ್ನ

ಬೆಂಗಳೂರಿನಿಂದ ಮುಂಬೈಗೆ ಕೆಲಸ ಬದಲಾಗುವುದಾದರೆ ಸಂಬಳದ ಹೆಚ್ಚಳವೊಂದನ್ನೇ ನೋಡಬೇಡಿ. ಮನೆಬಾಡಿಗೆ ಕಳೆದು ಉಳಿಯುವುದೆಷ್ಟು, ಲೋಕಲ್ ರೈಲಿನಲ್ಲಿ ಕಳೆಯುವ ಹೊತ್ತೆಷ್ಟು ಎಂದು ದಂಪತಿಗಳು ಕೂಡಿ ಲೆಕ್ಕ ಹಾಕಿರಿ.

ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯಿದೆಯಂತೆ ಮರಾಠಿ ಕಡ್ಡಾಯ. ಒಂದನೇ ತರಗತಿಯ ಮಗುವಿಗೆ ಇದು ಹಗುರ, ಎಂಟನೇ ತರಗತಿಯವರಿಗೆ ಭಾರ. ವಿನಾಯಿತಿ ಉಂಟೇ ಎಂದು ಶಾಲೆಯಲ್ಲಿ ಮೊದಲೇ ವಿಚಾರಿಸಿರಿ.

ವೃದ್ಧ ತಂದೆತಾಯಿ ಇಲ್ಲೇ ಉಳಿದರೆ? ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಒಂದು ದಿನದ ದಾರಿ. ಅವರ ಮದ್ದು, ಆಸ್ಪತ್ರೆಯ ಹೊಣೆ ಯಾರದೆಂದು ಹೊರಡುವ ಮೊದಲೇ ನಿಶ್ಚಯವಾಗಲಿ.

ಈಜಿಪ್ಟಿನಿಂದ ಮರಳಿದ ಸಂತ ಜೋಸೆಫರು ಜುದೇಯದಲ್ಲಿನ ಅಪಾಯವನ್ನರಿತು, ಕನಸಿನಲ್ಲಿ ಎಚ್ಚರಿಕೆ ಪಡೆದು, ಗಲಿಲೇಯಕ್ಕೆ ಹೋದರು (ಮತ್ತಾಯ 2:22). ಮನೆಯವರ ಕ್ಷೇಮವೇ ಅವರಿಗೆ ಮೊದಲಾಗಿತ್ತು.

ಇಂದು ಜಪಮಾಲೆಯಾದ ಮೇಲೆ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಕೇಳಿರಿ: ಹೋದರೆ ಯಾರಿಗೇನು ನಷ್ಟ? ಆಮೇಲೆ ತೀರ್ಮಾನಿಸಿರಿ.